ಬೆರಕೆ ಸೊಪ್ಪಿನ ಕೊನೆಯ ಪ್ಯಾರಾ

1942ರ ಏಪ್ರಿಲ್‌ನಲ್ಲಿ, ಜಪಾನಿನವರು ಬಾಂಬು ಹಾಕುತ್ತಾರೆಂಬ ಭಯಕ್ಕೆ ಮದ್ರಾಸು ನಗರ ಖಾಲಿಯಾಯಿತು. ಅಗತ್ಯದ ಕೆಲಸವಿಲ್ಲದವರು ಊರು ಬಿಡುವುದು ಒಳ್ಳೆಯದೆಂದು ಸರಕಾರವೇ ಹೇಳಿತು. ನಾನು ಉಪಸಂಪಾದಕನಾಗಿದ್ದ ಪತ್ರಿಕೆ ಪುಟಗಳನ್ನು ಕಡಿಮೆ ಮಾಡಿತು, ಆಮೇಲೆ ಜನರನ್ನೂ ಕಡಿಮೆ ಮಾಡಿತು. ಆ ಜನರಲ್ಲಿ ನಾನೊಬ್ಬ. ಮೇ ತಿಂಗಳ ಕೊನೆಗೆ ನಾನು ಮತ್ತು ನನ್ನ ಹೆಂಡತಿ ಶಾರದೆ ಹೊಳೆನರಸೀಪುರದಲ್ಲಿ ರೈಲಿನಿಂದಿಳಿದು ಅರಕಲಗೂಡಿನ ಬಸ್ಸು ಹತ್ತಿದೆವು.

ಉಡುಪಿಯ ಕಡೆ ನಮ್ಮವರ ಮನೆಯಿರುವಾಗ ಅರಕಲಗೂಡಿಗೆ ಯಾಕೆ ಹೋದಿರಿ ಎಂದು ಆ ಕಡೆಯ ಓದುಗರು ಕಾಗದ ಬರೆದು ಕೇಳಿದ್ದಾರೆ. ಒಂದು ಸಮುದ್ರದ ದಡದಿಂದ ಓಡಿ ಇನ್ನೊಂದು ಸಮುದ್ರದ ದಡಕ್ಕೆ ಹೋಗುವುದರಲ್ಲಿ ಅರ್ಥ ಕಾಣಲಿಲ್ಲ. ಅರಕಲಗೂಡಿನ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು ಸೈನ್ಯಕ್ಕೆ ಸೇರಿ ಜಾಗ ಖಾಲಿಯಿತ್ತು. ಇಷ್ಟೇ ಕಾರಣ.

ಬಸ್ಸು ಇದ್ದಿಲಿನದು. ಪೆಟ್ರೋಲು ಸಿಗದ ಕಾಲವಾದ್ದರಿಂದ ಹಿಂಭಾಗದಲ್ಲಿ ಒಂದು ಉದ್ದನೆಯ ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಹೊಗೆಯಿಂದ ಎಂಜಿನು ನಡೆಸುತ್ತಾರೆ. ಸಣ್ಣ ಏರು ಬಂದರೆ ಗಂಡಸರು ಇಳಿಯಬೇಕು. ದೊಡ್ಡ ಏರು ಬಂದರೆ ಇಳಿದವರು ತಳ್ಳಬೇಕು. ಇಳಿಜಾರಿನಲ್ಲಿ ನಮ್ಮನ್ನು ಬಿಟ್ಟು ಮುಂದೆ ಹೋದ ಬಸ್ಸು ಒಂದು ಆಲದ ಮರದ ಕೆಳಗೆ ಕಾದು ನಿಂತಿತ್ತು. ನಾವು ಬೆವರಿಕೊಂಡು ತಲುಪಿದಾಗ ಕಂಡಕ್ಟರು, "ಬೇಗ ಬೇಗ ಬನ್ನಿ ಸಾ, ನಿಮ್ಮಿಂದ ಲೇಟಾಯ್ತು" ಎಂದ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಒಂದು ರಾಶಿ ಕಳೆ ಬಿದ್ದಿತ್ತು. ನಾಲ್ಕೈದು ಜಾತಿಯ ಎಲೆ, ದಂಟು, ಕುಡಿ ಎಲ್ಲ ಒಟ್ಟಿಗೆ. ದನಕ್ಕೆ ತಂದದ್ದನ್ನು ಯಾರೋ ತಪ್ಪಿ ಇಲ್ಲಿ ಹಾಕಿದ್ದಾರೆಂದು ತಿಳಿದು, ಬಾಚಿ ತೆಗೆದು, ಮನೆಯ ಯಜಮಾನಿ ಗೌರಮ್ಮನವರ ಹಸುವಿನ ಮುಂದೆ ಹಾಕಿದೆ. ಗೌರಮ್ಮನವರದು ಜವಳಿ ಅಂಗಡಿಯ ಮನೆತನ. ಮನೆಯ ಹಿಂಭಾಗದ ಎರಡು ಕೋಣೆಗಳನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದರು. ಬೀದಿಯಲ್ಲಿ ಅದೇ ಕೊನೆಯ ಮನೆ, ಅದರಾಚೆ ಹೊಲ.

ಸಂಜೆ ಒಬ್ಬ ಹೆಂಗಸು ಹಿತ್ತಿಲಿಗೆ ಬಂದಳು. ಐವತ್ತು ದಾಟಿದವಳು. ಹೆಸರು ಕೆಂಚಮ್ಮ. ಹೊಲವಿಲ್ಲ, ಮೂರು ಎಮ್ಮೆ ಸಾಕಿ ಮಜ್ಜಿಗೆ ಮಾರುತ್ತಾಳೆ.

"ಸಾರ್ ಎಂಗಿತ್ತು ಸಾ?" ಎಂದಳು.

"ಯಾವ ಸಾರು?"

"ಒಸ್ಲಲ್ಲಿ ಸೊಪ್ ಮಡಗಿದ್ನಲ್ಲ. ಒಸಬ್ರು ಬಂದವ್ರೆ ಅಂತ."

ನಾನು ನಿಜ ಹೇಳಿದೆ. ಅವಳು ಹಸುವನ್ನು ಸ್ವಲ್ಪ ಹೊತ್ತು ನೋಡಿದಳು. "ಬುಡಿ. ಅದಾದ್ರೂ ರುಚಿ ಕಂಡದಲ್ಲ" ಎಂದಳು.

ಅದರ ಹೆಸರು ಬೆರಕೆ ಸೊಪ್ಪು. ಮುಂಗಾರು ಮಳೆ ಬಿದ್ದ ಮೇಲೆ ರಾಗಿ ಹೊಲಗಳಲ್ಲಿ ತಾನಾಗಿ ಹುಟ್ಟುವ ಹತ್ತಾರು ಬಗೆಯ ಸೊಪ್ಪನ್ನು ಒಟ್ಟಿಗೆ ಬಿಡಿಸಿ ತಂದು ಬೇಯಿಸುತ್ತಾರೆ. ಬೆಂದ ನೀರನ್ನು ಬಸಿದು ಸಾರು, ಉಳಿದ ಸೊಪ್ಪು ಪಲ್ಯ. ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಬೇಲಿಬದಿಯ ತಗಟೆ ಸೊಪ್ಪು ತಿನ್ನುವುದಿಲ್ಲವೇ ಎಂದು ಶಾರದೆ ಕೇಳಿದಳು. ಹತ್ತು ವರ್ಷ ಮದ್ರಾಸಿನಲ್ಲಿ ಇದ್ದು ಬಂದವನಿಗೆ ಈ ಮಾತು ಹಿಡಿಸಲಿಲ್ಲ. ಬಿತ್ತದೆ ಬೆಳೆದದ್ದನ್ನು ತಿನ್ನುವ ಗತಿ ನಮಗೆ ಇನ್ನೂ ಬಂದಿಲ್ಲ ಎಂದು ಹೇಳಿ, ನಾಳೆಯಿಂದ ತರುವುದು ಬೇಡ ಎಂದು ಕೆಂಚಮ್ಮನಿಗೆ ತಿಳಿಸಿದೆ.

ಮೊದಲ ವರ್ಷ ಹೀಗೇ ಕಳೆಯಿತು. ಇಲ್ಲಿಯ ಅಕ್ಕಿ ಬಿಳಿಯ ಬೆಳ್ತಿಗೆ, ನಮ್ಮ ಕೆಂಪು ಬಣ್ಣದ ದಪ್ಪ ಕುಚ್ಚಲಕ್ಕಿಯನ್ನು ತೋರಿಸಿದರೆ ಇದಕ್ಕೆ ಯಾವ ರೋಗ ಎಂದು ಕೇಳುತ್ತಾರೆ. ಎಲ್ಲಿ ನೋಡಿದರೂ ತೆಂಗಿನ ಮರ, ಹೊಳೆನರಸೀಪುರದ ಸಂತೆಯಲ್ಲಿ ಕಾಯಿಯ ರಾಶಿ, ಆದರೆ ಒಗ್ಗರಣೆಗೆ ಹುಚ್ಚೆಳ್ಳಿನ ಎಣ್ಣೆ. ಕೊಬ್ಬರಿ ಎಣ್ಣೆಯಲ್ಲಿ ಹಪ್ಪಳ ಕರಿಯುತ್ತೇವೆ ಎಂದರೆ ಗೌರಮ್ಮನವರು ತಲೆ ಮುಟ್ಟಿ ತೋರಿಸಿ, "ಇದಕ್ಕೆ ಹಾಕೋದನ್ನ ಬಾಯಿಗೆ ಹಾಕ್ತೀರಾ?" ಎನ್ನುತ್ತಿದ್ದರು. ಭಾಷೆಯಂತೂ ಕನ್ನಡವೇ, ಆದರೆ ಪುಸ್ತಕ ಮುಚ್ಚಿಟ್ಟ ಕನ್ನಡ. ಇವರು ಹೋಗುವುದಿಲ್ಲ, ಓಗುತ್ತಾರೆ. ಅಚ್ಚಿನ ತಪ್ಪು ತಿದ್ದುವುದೇ ಕಸುಬಾಗಿದ್ದವನಿಗೆ ಎಲ್ಲರ ಬಾಯಿಯನ್ನೂ ತಿದ್ದಬೇಕೆನಿಸುತ್ತಿತ್ತು. ಅವರಿಗೋ, ನಾವು ಮಾತಾಡಿದರೆ ಹರಿಕಥೆ ಕೇಳಿದ ಹಾಗಾಗುತ್ತದಂತೆ. ಶಾರದೆ "ಉಪ್ಪು ಉಂಟಾ?" ಎಂದು ಕೇಳಿದರೆ ಅಂಗಡಿಯಲ್ಲಿ ಇದ್ದವರು ಇನ್ನೊಮ್ಮೆ ಹೇಳಿಸುತ್ತಿದ್ದರು.

ಬೆಂಕಿಯ ವಿಷಯ ಪ್ರತ್ಯೇಕ ಹೇಳಬೇಕು. ಯುದ್ಧದಿಂದಾಗಿ ಬೆಂಕಿಪೊಟ್ಟಣ ಸಿಗುತ್ತಿರಲಿಲ್ಲ. ಸೀಮೆಎಣ್ಣೆಯೂ ಇಲ್ಲ. ಗೌರಮ್ಮನವರ ಒಲೆಯಲ್ಲಿ ಮಾತ್ರ ಬೆಂಕಿ ಆರುತ್ತಲೇ ಇರಲಿಲ್ಲ, ಬೂದಿಯಲ್ಲಿ ಕೆಂಡ ಮುಚ್ಚಿಡುತ್ತಿದ್ದರು. ಒಂದು ಮಂಗಳವಾರ ತೆಂಗಿನ ಚಿಪ್ಪು ಹಿಡಿದು ಕೆಂಡ ಕೇಳಲು ಹೋದೆ.

"ಮಂಗಳವಾರ ಶುಕ್ರವಾರ ಮನೆ ಬೆಂಕಿ ಆಚೆಗೆ ಕೊಡಲ್ಲ ಮೇಷ್ಟ್ರೇ. ನಿನ್ನೆ ಬಂದಿದ್ರೆ ಕೊಡ್ತಿದ್ದೆ."

"ನಿನ್ನೆ ನಮ್ಮ ಬೆಂಕಿ ಆರಿರಲಿಲ್ಲ."

"ಅದಕ್ಕೆ ನಾನೇನು ಮಾಡ್ಲಿ?"

ಮದ್ರಾಸು ಬಿಡುವಾಗ ಹಳೇ ಪುಸ್ತಕದ ಅಂಗಡಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಕೊಂಡಿದ್ದೆ. ಕಾಡಿನಲ್ಲಿ ಸಿಕ್ಕಿಕೊಂಡವನು ಬದುಕಿ ಉಳಿಯುವುದು ಹೇಗೆಂದು ಅದು ಹೇಳುತ್ತದೆ. ಬಾಂಬು ಬಿದ್ದರೆ ಕಾಡೇ ಗತಿ ಎಂಬ ಭಯದಲ್ಲಿ ಕೊಂಡದ್ದು. ಹಿಮವನ್ನು ಕರಗಿಸಿ ಕುಡಿಯುವ ಬಗ್ಗೆ ಅದರಲ್ಲಿ ಒಂದು ಅಧ್ಯಾಯವಿದೆ. ಎರಡು ಕಡ್ಡಿ ಉಜ್ಜಿ ಬೆಂಕಿ ಮಾಡುವ ಬಗ್ಗೆ ಚಿತ್ರ ಸಹಿತ ವಿವರಣೆಯಿದೆ. ಚಿತ್ರ ನೋಡಿ ಉಜ್ಜಿ ಉಜ್ಜಿ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಶಾಲೆಯ ಜವಾನ ಸೊಂಟದಿಂದ ಚಕಮಕಿ ಕಲ್ಲು ತೆಗೆದು, ಕಬ್ಬಿಣದ ತುಂಡಿನಿಂದ ಎರಡು ಸಲ ಹೊಡೆದು, ಅರಳೆಗೆ ಕಿಡಿ ಹಿಡಿಸಿ, ಬೀಡಿ ಹಚ್ಚಿಕೊಂಡು ನನ್ನನ್ನು ನೋಡುತ್ತ ಕೂತಿದ್ದ. ಶಾರದೆ ಗೌರಮ್ಮನವರನ್ನು ನೋಡಿ ಒಂದೇ ವಾರದಲ್ಲಿ ಕೆಂಡ ಮುಚ್ಚಿಡುವುದನ್ನು ಕಲಿತಳು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲೂ ಬೆಂಕಿ ಆರಲಿಲ್ಲ. ಅದರಲ್ಲಿ ನನ್ನ ಪಾಲು ಏನೂ ಇಲ್ಲ.

1943ರ ಶ್ರಾವಣದಲ್ಲಿ ಶಾರದೆಗೆ ಐದು ತಿಂಗಳು. ರಾಗಿ, ಅಕ್ಕಿ ಎಲ್ಲ ಕಂಟ್ರೋಲಿಗೆ ಬಂದಿತ್ತು. ಅನ್ನ, ಹುಣಿಸೆಹುಳಿಯ ತಿಳಿಸಾರು, ಮತ್ತೆ ಅನ್ನ, ಇದೇ ನಮ್ಮ ಊಟ. ಒಂದು ದಿನ ಹೊತ್ತು ಮುಳುಗುವಾಗ ಅವಳು ಒಲೆಯ ಪಕ್ಕದ ತಂಬಿಗೆ ತೆಗೆಯಲು ಹೋಗಿ ಒಲೆಗೇ ಕೈ ಹಾಕಿದಳು.

"ಕಾಣಲಿಲ್ಲವಾ?" ಎಂದೆ.

"ಹಗಲು ಕಾಣ್ತದೆ. ದೀಪ ಹಚ್ಚುವ ಹೊತ್ತಿಗೆ ಎಲ್ಲ ಮುಚ್ಚಿ ಹೋಗ್ತದೆ. ಹದಿನೈದು ದಿವಸ ಆಯ್ತು."

"ಯಾಕೆ ಹೇಳಲಿಲ್ಲ?"

"ಎಣ್ಣೆ ಇಲ್ಲ, ದೀಪವೇ ಸಣ್ಣ ಅಂತ ಗ್ರಹಿಸಿದೆ ಮಾರಾಯ್ರೆ."

ಹಾಸನಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ರೆಪ್ಪೆ ಎತ್ತಿ ನೋಡಿದರು. ಇರುಳುಗಣ್ಣು, ಬಸುರಿಯರಿಗೆ ಬರುವುದುಂಟು, ಕಣ್ಣಿನ ಬಿಳಿಭಾಗ ಒಣಗಲು ಶುರುವಾಗಿದೆ, ಹೀಗೇ ಬಿಟ್ಟರೆ ಹಗಲಿನ ದೃಷ್ಟಿಗೂ ಅಪಾಯ ಎಂದರು. ಇದಕ್ಕೆ ವಿಲಾಯಿತಿ ಮೀನೆಣ್ಣೆ ಕೊಡುತ್ತಾರಂತೆ. ಹಡಗು ಬರದೆ ಅದೂ ಇಲ್ಲ. ಹಾಲು, ಬೆಣ್ಣೆ, ಹಸಿರು ಸೊಪ್ಪು, ಅದರಲ್ಲೂ ಸೊಪ್ಪು ದಿನಾ ತಿನ್ನಲಿ, ಒಂದು ದಿನವೂ ತಪ್ಪಬಾರದು ಎಂದರು.

ಒಂದು ವರ್ಷದ ಹಿಂದೆ ಬೇಡವೆಂದಿದ್ದನ್ನು ಕೇಳಲು ನಾನೇ ಕೆಂಚಮ್ಮನ ಮನೆಗೆ ಹೋದೆ.

"ಈಗ ಅಸ ಸೊಪ್ ತಿನ್ನಕಿಲ್ವಾ?" ಎಂದಳು. ಅಷ್ಟೇ. ಮರುದಿನದಿಂದ ಹೊಸ್ತಿಲ ಮೇಲೆ ಸೊಪ್ಪು ಬಂತು. ಕೆರೆಯಂಚಿನ ತೇವದಲ್ಲಿ ಹಬ್ಬುವ ಹೊನಗನ್ನೆ ಕಣ್ಣಿಗೆ ಒಳ್ಳೆಯದೆಂದು ಅದನ್ನು ಬೇರೆಯಾಗಿ, ತನ್ನ ಸೆರಗಿನ ತುದಿಯಲ್ಲಿ ಗಂಟು ಕಟ್ಟಿ ತರುತ್ತಿದ್ದಳು.

ದಿನಾ ಹೊತ್ತು ಮುಳುಗುವಾಗ ಅವಳದೊಂದು ಪರೀಕ್ಷೆ. ಹಿತ್ತಿಲ ಬಾವಿಯ ಹತ್ತಿರ ನಿಂತು, "ನಾನ್ ಯಾವ ಸೀರೆ ಉಟ್ಕಂಡಿವ್ನಿ ಏಳವ್ವ" ಎಂದು ಕೂಗುವುದು. ಶಾರದೆ ಬಾಗಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿ ಏನೋ ಒಂದು ಹೇಳುವುದು. ಕೆಂಚಮ್ಮನಿಗೆ ಇರುವುದೇ ಎರಡು ಸೀರೆ, ಊಹಿಸಿ ಹೇಳಿದರೂ ಅರ್ಧ ಸಲ ಸರಿಯಾಗುತ್ತದೆ, ಇದು ಪರೀಕ್ಷೆಯಲ್ಲ ಎಂದು ನಾನು ಹೇಳಿದೆ. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪ್ರಾಣ ಉಳಿಸುವ ವಿದ್ಯೆ ಒಬ್ಬ ಹೆಂಗಸಿನ ಕೈಯಲ್ಲಿ ಮಾತ್ರ ಇರುವುದು ಸರಿಯಲ್ಲವೆಂದು ನನಗೆ ಅನಿಸಿತು. ಅವಳು ಒಂದು ವಾರ ಮಲಗಿದರೆ ಶಾರದೆಯ ಗತಿ? ನೋಟ್‌ಬುಕ್ಕು ಹಿಡಿದು ಕೂತೆ.

"ಇದರ ಹೆಸರೇನು ಕೆಂಚಮ್ಮ?"

"ಅಣ್ಣೆ."

"ಇದು?"

"ಗೋಣಿ."

"ಇದು?"

"ಅದೂ ಸೊಪ್ಪೇಯಾ."

"ಹೆಸರು ಬೇಕು."

"ಎಸ್ರಿಟ್ಕಂಡು ಏನ್ ಮಾಡೀರಿ ಸಾ. ಕೂಗಿದ್ರೆ ಬತ್ತದಾ?"

ಗುರುತಿಲ್ಲದ ಎಲೆಯನ್ನು ಮೊದಲು ತುಟಿಗೆ ಸೋಕಿಸಿ ಕಾಯಬೇಕು, ಆಮೇಲೆ ನಾಲಿಗೆಗೆ, ಆಮೇಲೆ ಚೂರು ನುಂಗಬೇಕು ಎಂದು ನನ್ನ ಇಂಗ್ಲಿಷ್ ಪುಸ್ತಕದಲ್ಲಿ ಇದ್ದುದನ್ನು ಅವಳಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಂಗೆ ತಿಂದು ಕಲ್ಯಕ್ ಓದೋರು ಏಳಕ್ ಉಳ್ದಿರಕಿಲ್ಲ ಸಾ. ನಮ್ಮವ್ವ ಕಿತ್ತಿದ್ದ ನಾನ್ ಕೀಳ್ತೀನಿ. ಅವ್ಳು ಮುಟ್ದಿದ್ದ ಮುಟ್ಟಕಿಲ್ಲ. ಅಷ್ಟೇಯಾ."

ಎರಡು ವಾರದ ಜಗಳದ ಮೇಲೆ ಹನ್ನೊಂದು ಹೆಸರು ಸಿಕ್ಕವು. ಅದಕ್ಕಿಂತ ಮುಖ್ಯವಾದದ್ದು ಸೊಪ್ಪು ಬಿಡಿಸುವ ಕಟ್ಟಳೆ. ಅದನ್ನು ಇಲ್ಲಿ, ಈ ಬರಹದ ನಡುಮಧ್ಯದಲ್ಲೇ ಬರೆಯುತ್ತೇನೆ. ಯಾರ ಹೊಲಕ್ಕೆ ಬೇಕಾದರೂ ಹೋಗಬಹುದು, ಕೇಳುವ ಅಗತ್ಯವಿಲ್ಲ. ಆದರೆ ಮಡಿಲಲ್ಲಿ ಹಿಡಿಯುವಷ್ಟೇ ಬಿಡಿಸಬೇಕು. ಬುಟ್ಟಿ, ಚೀಲ, ಕುಡುಗೋಲು ಒಯ್ಯಬಾರದು. ಕುಡಿ ಚಿವುಟಬೇಕು, ಬೇರು ಕೀಳಬಾರದು. ಹೊಲದವನು ಎದುರಾಗಿ ಕೇಳಿದರೆ ಮಡಿಲು ಬಿಚ್ಚಿ ತೋರಿಸಬೇಕು. ಅವನು ಒಂದು ಹಿಡಿ ತೆಗೆದುಕೊಂಡರೆ ಒಪ್ಪಿದ ಹಾಗೆ. ತೆಗೆದುಕೊಳ್ಳದಿದ್ದರೆ ಆ ಹೊಲಕ್ಕೆ ಮತ್ತೆ ಕಾಲಿಡಬಾರದು.

"ನಾನೂ ಬಂದು ಬಿಡಿಸಬಹುದಾ?" ಎಂದೆ.

"ಗಂಡಸ್ರಿಗೆ ಎಲ್ ಸಾ ಮಡ್ಲು?" ಎಂದಳು.

ಆಗ ಬೆಂಗಳೂರಿನ ಒಂದು ವಾರಪತ್ರಿಕೆಗೆ ನಾನು ಆಗಾಗ ಬರೆಯುತ್ತಿದ್ದೆ. ಜನ ಧಾನ್ಯವಿಲ್ಲದೆ ಒದ್ದಾಡುವಾಗ ಹೊಲದ ತುಂಬ ಊಟ ಬಿದ್ದಿದೆ, ಯಾರಿಗೂ ಗೊತ್ತಿಲ್ಲ ಎಂದರೆ ಅದು ಸುದ್ದಿ. ಬರೆದೆ. ಕಲಿತ ರೀತಿಯಲ್ಲೇ ಬರೆದೆ. ಮುಖ್ಯ ಸಂಗತಿ ಮೊದಲು, ವಿವರ ಆಮೇಲೆ, ಹಿನ್ನೆಲೆ ಕೊನೆಗೆ. ಮೊದಲ ಪ್ಯಾರಾದಲ್ಲಿ ಸೊಪ್ಪಿನ ಉಪಯೋಗ. ಎರಡನೆಯದರಲ್ಲಿ ಹನ್ನೊಂದು ಹೆಸರು. ಮೂರನೆಯದರಲ್ಲಿ ಸ್ಥಳ: ಅರಕಲಗೂಡು ಕೆರೆಯ ಆಚೆ, ಕೆಂಚಮ್ಮ ಹೆಚ್ಚಾಗಿ ಹೋಗುತ್ತಿದ್ದ ಪುಟ್ಟೇಗೌಡರ ದಿಬ್ಬದ ಹೊಲ, ಅಲ್ಲಿ ಯಾರು ಬಿಡಿಸಿದರೂ ಕೇಳುವವರಿಲ್ಲ. ಜಾಗದ ಹೆಸರಿಲ್ಲದ ಸುದ್ದಿಯನ್ನು ನಾನು ಯಾವತ್ತೂ ಅಚ್ಚಿಗೆ ಕಳಿಸಿದವನಲ್ಲ. ಮಡಿಲಿನ ಕಟ್ಟಳೆಯನ್ನು ಕೊನೆಯ ಪ್ಯಾರಾದಲ್ಲಿ ಇಟ್ಟೆ.

ಪತ್ರಿಕೆಯ ಕೋಣೆಯಲ್ಲಿ ಜಾಗ ಸಾಲದಿದ್ದರೆ ಯಾರೂ ಲೇಖನ ಓದಿ ಕತ್ತರಿಸುವುದಿಲ್ಲ. ಕೆಳಗಿನಿಂದ ಕತ್ತರಿಸುತ್ತಾರೆ. ಕೊನೆಯ ಪ್ಯಾರಾ ಹೋದರೆ ಏನೂ ಹೋಗದ ಹಾಗೆ ಬರೆಯುವುದೇ ವರದಿಗಾರನ ಶಿಸ್ತು. ಮದ್ರಾಸಿನಲ್ಲಿ ಹತ್ತು ವರ್ಷ ನಾನೇ ಈ ಕೆಲಸ ಮಾಡಿದ್ದೇನೆ, ಎಷ್ಟೋ ಜನರ ಕೊನೆಯ ಪ್ಯಾರಾಗಳನ್ನು ಓದದೆ ಕತ್ತರಿಸಿದ್ದೇನೆ. ಯುದ್ಧಕಾಲದಲ್ಲಿ ಕಾಗದದ ಅಭಾವ ಇನ್ನೂ ಹೆಚ್ಚು. ಲೇಖನ ಮೂರು ಪ್ಯಾರಾಗಳಾಗಿ ಅಚ್ಚಾಯಿತು.

ಮೊದಲು ಹೊಳೆನರಸೀಪುರದಿಂದ ಇಬ್ಬರು ಬಂದರು. ಅವರ ಹಿಂದೆ ಚನ್ನರಾಯಪಟ್ಟಣದ ಕಡೆಯಿಂದ ಒಂದು ಗಾಡಿ. ಆಮೇಲೆ ಇದ್ದಿಲಿನ ಬಸ್ಸಿನಿಂದ ದಿನಾ ಯಾರಾದರೂ ಗೋಣಿಚೀಲ ಹಿಡಿದು ಇಳಿಯತೊಡಗಿದರು. ಹಾದಿ ಕೇಳಲು ನನ್ನ ಮನೆಗೇ ಬಂದವರುಂಟು, ಪತ್ರಿಕೆಯ ತುಂಡು ಕೈಯಲ್ಲಿ. ಬೇರು ಸಮೇತ ಕಿತ್ತು ತುಂಬಿದರು. ಸೊಪ್ಪು ಯಾವುದು, ರಾಗಿ ಪೈರು ಯಾವುದು ಎಂದು ತಿಳಿಯದವರು ಎರಡನ್ನೂ ತುಳಿದರು. ಕೆರೆಯಂಚಿನ ಹೊನಗನ್ನೆಯನ್ನೂ ಕೈಗೆ ಎಟಕುವಷ್ಟು ಬೋಳಿಸಿದರು. ಔಷಧಕ್ಕೆಂದು ಹಾಸನಕ್ಕೆ ಹೋದಾಗ ಸಂತೆಯಲ್ಲಿ ಅದನ್ನೇ ಕಟ್ಟು ಕಟ್ಟಿ ಮಾರುತ್ತಿದ್ದುದನ್ನು ಕಂಡೆ. ಬೇರಿನ ಮಣ್ಣು ಸಮೇತ, ಬಾಡಿ ಹೋಗಿತ್ತು. ಬೇರೆ ದಾರಿಯಿಲ್ಲದೆ ಎರಡು ಕಟ್ಟು ಕೊಂಡು ತಂದೆ. ಮನೆಗೆ ಬರುವಷ್ಟರಲ್ಲಿ ಕೊಳೆತಿತ್ತು.

ಪುಟ್ಟೇಗೌಡರು ಹೊಲದ ಸುತ್ತ ಕಾರೆ ಮುಳ್ಳಿನ ಬೇಲಿ ಹಾಕಿಸಿದರು. ಅದನ್ನು ನೋಡಿ ಪಕ್ಕದ ಹೊಲದವರೂ ಹಾಕಿದರು. ಬೇಲಿ ಹಾಕಿಸಿದ ದಿನ ಗೌಡರು ಪತ್ರಿಕೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದರು. ಕೂರಿ ಎಂದರೆ ಕೂರಲಿಲ್ಲ.

"ಇದ ಬರ್ದೋರು ನೀವೇಯಾ ಮೇಷ್ಟ್ರೇ?"

"ಹೌದು ಗೌಡ್ರೇ."

"ಸುಳ್ಳೇನಿಲ್ಲ ಬುಡಿ ಇದ್ರಲ್ಲಿ. ಅದೇ ತೊಂದ್ರೆ ಆಗಿರದು."

"ಮಡಿಲಿನ ವಿಷಯ ಕೊನೆಗೆ ಬರೆದಿದ್ದೆ. ಅವರು ಕತ್ತರಿಸಿದರು."

"ಯಾಕಂತೆ?"

"ಕಾಗದ ಸಾಲಲಿಲ್ಲ."

"ಕಾಗ್ದ ಸಾಲ್ದೆ ಇದ್ರೆ ನನ್ನೆಸ್ರ ಕತ್ರುಸ್ಬೋದಿತ್ತು."

ತಿದ್ದುಪಡಿ ಹಾಕಿಸುತ್ತೇನೆ ಎಂದೆ. ಹಾಕಿಸಿದೆ ಕೂಡ. ಎರಡು ವಾರದ ಮೇಲೆ, ಒಂದು ತೈಲದ ಜಾಹೀರಾತಿನ ಕೆಳಗೆ ಮೂರು ಸಾಲು ಬಂತು. ಅದನ್ನು ಕೆಂಚಮ್ಮನಿಗೆ ಓದಿ ಹೇಳಿದೆ.

"ಇದ್ಕೆ ಮುಳ್ಳು ತಾನಾಗೇ ಬಿಚ್ಕತ್ತದಾ?" ಎಂದಳು.

"ಇಲ್ಲ."

"ಮೂರ್ ತಲೆಮಾರಿಂದ ಕಟ್ಳೆ ಬಾಯಲ್ಲೇ ಇತ್ತು ಸಾ. ಒಬ್ರೂ ಕತ್ರುಸಿರ್ನಿಲ್ಲ."

ಹೊಲವಿಲ್ಲದ ಅವಳ ಮನೆಯ ಸಾರೂ ಇದೇ ಹೊಲಗಳಿಂದ ಬರುತ್ತಿತ್ತು ಎನ್ನುವುದು ನನಗೆ ಆಗ ಹೊಳೆಯಿತು. ಅಲ್ಲಿ ಇಲ್ಲಿ ಸಿಗುತ್ತಿದ್ದುದೂ ಮುಗಿದು ಹೊಸ್ತಿಲು ನಾಲ್ಕು ದಿನ ಖಾಲಿ ಇತ್ತು. ಐದನೆಯ ಸಂಜೆ ಶಾರದೆ ಬಾವಿಯ ಕಡೆ ಮುಖ ಮಾಡಿ ನಿಂತು, ಕೆಂಚಮ್ಮ ಕೂಗಿ ಕೇಳಿದ ಮೇಲೆ, "ನೀವು ಎಲ್ಲಿ ನಿಂತದ್ದು?" ಎಂದು ಕೇಳಿದಳು.

ಮರುದಿನ ಕೆಂಚಮ್ಮ ನನ್ನನ್ನು ಕರೆದುಕೊಂಡು ಕೆರೆಗೆ ಹೋದಳು. ಗೌಡರ ಬೇಲಿ ನೀರಿಗೆ ಇಳಿಯುವ ಮೂಲೆಯಲ್ಲಿ ಕೆಸರು ತುಂಬ ಆಳ. ಹಿಂದಿನ ವರ್ಷ ಅವಳ ಎಮ್ಮೆ ಹೂತುಕೊಂಡದ್ದು ಅಲ್ಲೇ. ಗೋಣಿಚೀಲದವರು ಅಷ್ಟು ದೂರ ಇಳಿದಿರಲಿಲ್ಲವಾದ್ದರಿಂದ ಬೇಲಿಯ ಬುಡದಲ್ಲಿ ಹೊನಗನ್ನೆ ಹಸಿರಾಗಿ ಉಳಿದಿತ್ತು.

"ನನ್ ಮಂಡಿ ಕೇಳಕಿಲ್ಲ. ನೀವೇ ಇಳೀರಿ."

"ಗಂಡಸರಿಗೆ ಮಡಿಲಿಲ್ಲ ಎಂದೆಯಲ್ಲ."

"ಕಟ್ಟುದ್ರೆ ಆಯ್ತದೆ ಬನ್ನಿ."

ನನ್ನ ಅಂಗವಸ್ತ್ರವನ್ನು ಸೊಂಟಕ್ಕೆ ಬಿಗಿದು, ಎರಡು ತುದಿಗಳನ್ನು ಮೇಲೆ ಸಿಕ್ಕಿಸಿ ಮಡಿಲು ಮಾಡಿಕೊಟ್ಟಳು. ಏರಿಯ ಮೇಲೆ ಶಾಲೆಗೆ ಹೋಗುತ್ತಿದ್ದ ನನ್ನ ಮೂರನೆಯ ತರಗತಿ ಪೂರ್ತಿ ನಿಂತು ನೋಡುತ್ತಿತ್ತು. ಆ ದಿನದಿಂದ ನನ್ನ ಹೆಸರು ಸೊಪ್ಪು ಮೇಷ್ಟ್ರು.

"ಕಾಲೆತ್ಬ್ಯಾಡಿ ಸಾ. ಎತ್ತುದ್ರೆ ಇನ್ನೊಂದು ಕಾಲು ಇಳೀತದೆ. ಕಾಲಿನ್ ಇಮ್ಮಡಿ ತಿರುವಿ ಜಾರುಸ್ಕಂಡ್ ಓಗಿ." ನಾಲ್ಕು ಹೆಜ್ಜೆಗೆ ತೊಡೆಯವರೆಗೆ ಕೆಸರು. "ಅದಲ್ಲ, ಅದ್ರ ಪಕ್ಕದ್ದು. ಪಕ್ಕದ್ದು ಅಂದ್ನಲ್ಲ ಸಾ. ಕುಡಿ. ಎರಡು ಎಲೆ ಬುಟ್ಟು ಚಿವುಟಿ. ನಿಮ್ಮ ಅಪ್ಪನ ಮನೆ ಪೆನ್ಸಿಲ್ಲಾ ಅದು, ಅಂಗೆ ಇಡ್ಕತೀರಲ್ಲ." ಸುಮಾರು ಒಂದು ಗಂಟೆಯ ಮೇಲೆ ನನ್ನ ಬೆರಳಿಗೆ ಅದರ ಎಳೆಯ ದಂಟು ಮತ್ತು ಬಲಿತ ದಂಟಿನ ವ್ಯತ್ಯಾಸ ತಿಳಿಯತೊಡಗಿತು. ನೋಡಬೇಕಾಗಿರಲಿಲ್ಲ. ಆ ವ್ಯತ್ಯಾಸವನ್ನು ಬರೆಯಲು ಆಮೇಲೆ ಮೂರು ಸಲ ಕೂತಿದ್ದೇನೆ, ಒಂದು ವಾಕ್ಯವೂ ಸರಿಯಾಗಿ ಬಂದಿಲ್ಲ.

ಮಡಿಲು ಅರ್ಧ ತುಂಬಿದಾಗ ಬೇಲಿಯ ಒಳಗಿನಿಂದ ಪುಟ್ಟೇಗೌಡರು ಬಂದು ನಿಂತರು.

"ಏನ್ ಮೇಷ್ಟ್ರೇ ಮಡ್ಲಲ್ಲಿ?"

ನಾನು ಸಮಜಾಯಿಷಿ ಹೇಳಲು ಬಾಯಿ ತೆರೆದೆ. "ಬಿಚ್ಚಿ ತೋರ್ಸಿ ಸಾ. ಮಾತಾಡ್ಬ್ಯಾಡಿ" ಎಂದು ಕೆಂಚಮ್ಮ ಹಿಂದಿನಿಂದ ಹೇಳಿದಳು. ಬಿಚ್ಚಿ ತೋರಿಸಿದೆ. ಗೌಡರು ಬಗ್ಗಿ ನೋಡಿದರು. ಒಂದು ದಂಟು ತೆಗೆದು ಬುಡ ನೋಡಿದರು, ಬೇರಿರಲಿಲ್ಲ.

"ಯಾರ್ಗೆ ಇದು?"

"ಮನೆಯವಳಿಗೆ. ಕಣ್ಣಿಗೆ."

"ನಿಮ್ಮ ಪೇಪರ್ನೋರ್ಗೆ ಅಲ್ವಾ?"

"ಅಲ್ಲ."

ಅವರು ಮುಳ್ಳಿನ ಮೇಲಿಂದ ಕೈ ಚಾಚಿ ಒಂದು ಹಿಡಿ ಸೊಪ್ಪು ತೆಗೆದು, ಹೆಗಲ ಮೇಲಿನ ಟವೆಲಿನ ತುದಿಯಲ್ಲಿ ಗಂಟು ಹಾಕಿಕೊಂಡು ದಿಬ್ಬ ಹತ್ತಿ ಹೋದರು. ಕೆಂಚಮ್ಮ ಏರಿಯ ಮೇಲೆ ಕೂತುಬಿಟ್ಟಳು. "ಈಸ್ಕಂಡ್ರಲ್ಲ" ಎಂದಳು. "ಇನ್ ಎದ್ ಬನ್ನಿ ಸಾ, ಇಸ್ಕೂಲ್ ಬೆಲ್ ಒಡೀತದೆ."

ಎರಡು ದಿನ ಬಿಟ್ಟು ಹೋದಾಗ ಬೇಲಿಯಲ್ಲಿ ಒಂದು ಕಂಡಿ ಇತ್ತು. ಒಬ್ಬರು ಪಕ್ಕಕ್ಕೆ ತಿರುಗಿ ನುಸುಳಬಹುದು. ತುಂಬಿದ ಗೋಣಿಚೀಲ ಅದರಲ್ಲಿ ಹಾಯದು. ಕೆಂಚಮ್ಮ ಅಲ್ಲಿಂದ ಮತ್ತೆ ಹೊಲಕ್ಕೆ ಇಳಿದಳು. ಪಕ್ಕದ ಹೊಲಗಳ ಬೇಲಿಗಳಲ್ಲಿ ಕಂಡಿ ಬರಲಿಲ್ಲ.

ಸುಮಾರು ಮೂರು ವಾರದ ಮೇಲೆ, ಹೊತ್ತು ಮುಳುಗುವಾಗ, ಬಾವಿಯ ಹತ್ತಿರದಿಂದ ಎಂದಿನಂತೆ ಕೂಗು ಬಂತು. ಶಾರದೆ ಬಾಗಿಲಲ್ಲಿ ನಿಂತು ನೋಡಿದಳು.

"ಅದು ನಿಮ್ಮದಲ್ಲ. ಗೌರಮ್ಮನವರದ್ದು. ಹಸಿರು ಅಂಚು ಉಂಟು."

"ಸರ್ಯಾಗ್ ನೋಡಿ ಏಳವ್ವ."

"ಸೆರಗಲ್ಲಿ ಒಂದು ತೇಪೆಯೂ ಉಂಟು."

ಗೌರಮ್ಮನವರು ಅಡುಗೆಮನೆಯಿಂದಲೇ, "ತೇಪೆ ವಿಷಯ ಬೀದಿಗೆಲ್ಲ ಹೇಳಬೇಕಾಗಿರಲಿಲ್ಲ" ಎಂದರು.

ಆ ವರ್ಷದ ಕೊನೆಗೆ ಹೆಣ್ಣು ಮಗು ಹುಟ್ಟಿತು. ಯುದ್ಧ ಮುಗಿಯಿತು. 1945ರ ಕೊನೆಗೆ ಒಮ್ಮೆ ಉಡುಪಿಯ ಕಡೆಯ ನಮ್ಮ ಊರಿಗೆ ಹೋಗಿ ಬಂದೆವು. ಶಾರದೆ "ಐತೆ" ಎಂದದ್ದಕ್ಕೆ ಅವಳ ಅಕ್ಕಂದಿರು ನಕ್ಕರು. ಮಗಳು ಕುಚ್ಚಲಕ್ಕಿಯ ಗಂಜಿಯನ್ನು ಉಗುಳಿ ಮುದ್ದೆ ಕೇಳಿದಳು. ನಾನು ತೋಟದ ಬದುವಿನಲ್ಲಿ ಬಗ್ಗಿ ಎಲೆ ಚಿವುಟಿ ನೋಡುತ್ತಿದ್ದಾಗ ಭಾವ, ಏನಾದರೂ ಕಳೆದುಹೋಯಿತಾ ಎಂದು ಕೇಳಿದರು. ವಾಪಸು ಬಂದರೆ ಅರಕಲಗೂಡಿನ ಅಂಗಡಿಯಲ್ಲಿ, "ದಕ್ಷಿಣ ಕನ್ನಡ ಜಿಲ್ಲೆಯೋರು ಬಂದ್ರು, ಸ್ವಲ್ಪ ಉಂಟಾ ಅನ್ನಿ ಅಮ್ಮ, ಕೇಳಿ ಬಾಳ ದಿನ ಆಯ್ತು" ಎಂದರು.

ಪಕ್ಕದ ಹೊಲಗಳ ಬೇಲಿಗಳು ಇವತ್ತಿಗೂ ಹಾಗೇ ಇವೆ. ಗೋಣಿಚೀಲದವರು ಬರುವುದು ನಿಂತಿದೆ. ಕೆಂಚಮ್ಮನ ಎಮ್ಮೆಗಳಲ್ಲಿ ಎರಡು ಉಳಿದಿವೆ.

ಮದ್ರಾಸಿನ ಪತ್ರಿಕೆಯಿಂದ ಹೋದ ತಿಂಗಳು ಕಾಗದ ಬಂತು. ಪುಟಗಳು ಹೆಚ್ಚಾಗಿವೆಯಂತೆ, ನನ್ನ ಹಳೆಯ ಮೇಜು ಖಾಲಿಯಿದೆಯಂತೆ, ಈ ತಿಂಗಳ ಕೊನೆಯೊಳಗೆ ಉತ್ತರ ಬೇಕಂತೆ. ಶಾರದೆ ಅದನ್ನು ಓದಿ, ಮಡಚಿ, ಉಪ್ಪಿನ ಜಾಡಿಯ ಕೆಳಗಿಟ್ಟಳು. ಉತ್ತರ ಇನ್ನೂ ಹೋಗಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಸೂರ್ಯ ಮುಳುಗಿ ಹತ್ತು ನಿಮಿಷವಾಗಿದೆ. ಶಾರದೆ ಪುಟ್ಟೇಗೌಡರ ಹೊಲದಲ್ಲಿದ್ದಾಳೆ. ದೀಪ ಒಯ್ದಿಲ್ಲ.